ಶಿಕ್ಷಕ–ವಿದ್ಯಾರ್ಥಿ ಮೇಲಾಟ: ತಡೆ ಮತ್ತು ಶಮನ

ಶಾಲೆಯಲ್ಲಿ ದೊಡ್ಡವರು ಹೇಳಿದ ಮಾತಿಗೆ ವಿದ್ಯಾರ್ಥಿ ಒಲ್ಲೆ ಎನ್ನುತ್ತಾನೆ. ಆ ಒಲ್ಲೆಯನ್ನು ಅವರು ತಮ್ಮ ಅಧಿಕಾರಕ್ಕೆ ಬಿದ್ದ ಪೆಟ್ಟೆಂದು ತಿಳಿಯುತ್ತಾರೆ. ಅಲ್ಲಿಂದ ಮುಂದೆ ಮೂಲ ವಿಷಯ ಯಾರಿಗೂ ನೆನಪಿರುವುದಿಲ್ಲ, ಗೆಲ್ಲುವವರು ಯಾರು ಎಂಬುದೊಂದೇ ಉಳಿಯುತ್ತದೆ. ಈ ಸ್ಥಿತಿಗೆ ಮೇಲಾಟ ಅಥವಾ ಅಧಿಕಾರ ಸಂಘರ್ಷ ಎಂದು ಹೆಸರು. ತುಂಟತನ, ಗಲಾಟೆ, ಹೋಂವರ್ಕ್ ಮಾಡದೆ ಬರುವುದು ಇವು ತಾವಾಗಿ ಮೇಲಾಟಗಳಲ್ಲ. ಆದರೆ ಇವುಗಳಲ್ಲಿ ಯಾವುದು ಬೇಕಾದರೂ ಮೇಲಾಟವಾಗಿ ಬೆಳೆಯಬಹುದು. ಮೇಲಾಟಕ್ಕೆ ಇಬ್ಬರು ಬೇಕು. ಒಬ್ಬರು ಹಟ ಬಿಟ್ಟರೆ ಅದು ಮುಂದುವರಿಯುವುದಿಲ್ಲ. ಹದಿಮೂರು ವರ್ಷದ ಹುಡುಗ ಮೊದಲು ಹಟ ಬಿಡಲಿ ಎಂದು ಕಾಯುವುದಕ್ಕಿಂತ, ತರಬೇತಿ ಪಡೆದು ಕೆಲಸಕ್ಕೆ ಬಂದ ದೊಡ್ಡವರು ಮೊದಲು ಬಿಡಲಿ ಎಂದು ಕೇಳುವುದು ನ್ಯಾಯ. ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ವಿಷಯದ ಮೇಲೆ ನಡೆದ ಅಧ್ಯಯನದ ಬಹುಭಾಗ, ಅದನ್ನು ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದೆ.

ಇಲ್ಲಿ ದೊಡ್ಡವರು ಎಂದರೆ ಪಾಠ ಹೇಳುವವರಷ್ಟೇ ಅಲ್ಲ. ಪಿ.ಟಿ. ಮೇಷ್ಟ್ರು, ಹೆಡ್‌ಮಾಸ್ಟರು, ಬಿಸಿಯೂಟ ಬಡಿಸುವವರು, ಶಾಲಾ ಬಸ್ಸಿನ ಡ್ರೈವರ್, ಹಾಸ್ಟೆಲ್ ವಾರ್ಡನ್ ಎಲ್ಲರೂ ಈ ಸುಳಿಗೆ ಸಿಕ್ಕಬಹುದು. ವಾರ್ಡನ್ನರ ಪಾಡು ಎಲ್ಲರಿಗಿಂತ ಕಷ್ಟದ್ದು. ತರಗತಿಯ ಜಗಳ ಗಂಟೆ ಬಾರಿಸಿದಾಗ ಮುಗಿಯುತ್ತದೆ. ಹಾಸ್ಟೆಲಿನಲ್ಲಿ ಬೆಳಿಗ್ಗೆ ಹಟ ಹಿಡಿದ ಹುಡುಗನಿಗೆ ರಾತ್ರಿ ಊಟ ಬಡಿಸಬೇಕಾದವರೂ ಅವರೇ.

ಹೊತ್ತಿಕೊಳ್ಳುವ ಬಗೆ

ಊಟದ ನಂತರದ ಮೊದಲ ಪೀರಿಯಡ್, ಎಂಟನೇ ತರಗತಿ ಎಂದುಕೊಳ್ಳೋಣ. ಹುಡುಗನೊಬ್ಬ ಡೆಸ್ಕಿನ ಮೇಲೆ ತಲೆಯಿಟ್ಟಿದ್ದಾನೆ.

“ನೋಟ್ಸ್ ತೆಗಿ.”

“ತಂದಿಲ್ಲ ಸಾರ್.”

“ದಿನಾ ಇದೇ ಕಥೆ. ಮನೇಲಿ ಏನ್ ಮಾಡ್ತಿರ್ತೀಯ?”

ಹಿಂದಿನ ಬೆಂಚಿನಲ್ಲಿ ಯಾರೋ ನಗುತ್ತಾರೆ.

“ಏನೋ ಮಾಡ್ತೀನಿ, ನಿಮಗೇನು?”

“ಎದ್ದು ಹೊರಗೆ ನಡಿ.”

“ಹೋಗಲ್ಲ.”

ಅರ್ಧ ನಿಮಿಷವೂ ಆಗಿಲ್ಲ, ನೋಟ್‌ಬುಕ್ಕಿನ ವಿಷಯ ಮಾಯವಾಗಿದೆ. ಅದು ಮಾಯವಾದದ್ದು ‘ಹೋಗಲ್ಲ’ ಎಂದಾಗ ಅಲ್ಲ, ಮೂರನೆಯ ಮಾತಿನಲ್ಲಿ. ಅಲ್ಲಿಯವರೆಗೆ ಪುಸ್ತಕದ ಬಗ್ಗೆ ನಡೆದಿದ್ದ ಮಾತು ಅಲ್ಲಿ ಹುಡುಗನ ಮನೆಯ ಬಗ್ಗೆ ಆಯಿತು. ಹಿಂದಿನ ಬೆಂಚಿನ ನಗು ಉಳಿದದ್ದನ್ನು ಮಾಡಿತು: ಈಗ ನಲವತ್ತು ಜೊತೆ ಕಣ್ಣುಗಳೆದುರು ಇಬ್ಬರ ಮಾನವೂ ಪಣಕ್ಕೆ ಬಿದ್ದಿದೆ. ಹೊರಗೆ ಹೋದರೆ ಗೆಳೆಯರೆದುರು ಹುಡುಗ ಸೋತ ಹಾಗೆ, ಸುಮ್ಮನಾದರೆ ಇಡೀ ತರಗತಿಯೆದುರು ಮೇಷ್ಟ್ರು ಸೋತ ಹಾಗೆ. ಆ ಹುಡುಗ ರಾತ್ರಿ ನಿದ್ದೆಗೆಟ್ಟಿದ್ದನೇ, ಮನೆಯಲ್ಲಿ ಏನಾದರೂ ನಡೆದಿತ್ತೇ ಎಂದು ಕೇಳುವ ಅವಕಾಶ ಕೈತಪ್ಪಿತು.

ಇದು ಹಂತಹಂತವಾಗಿ ಏರುವ ಕ್ರಮವನ್ನು ಹಲವರು ಬರೆದಿಟ್ಟಿದ್ದಾರೆ. ಅಮೆರಿಕದ ಒರೆಗಾನ್‌ನ ಜೆರಾಲ್ಡ್ ಪ್ಯಾಟರ್ಸನ್ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನೆಗಳಲ್ಲಿ ತಂದೆತಾಯಿ ಮತ್ತು ಮಕ್ಕಳು ಒಬ್ಬರನ್ನೊಬ್ಬರು ಹೇಗೆ ಬಲವಂತಕ್ಕೆ ಒಗ್ಗಿಸುತ್ತಾರೆ ಎಂಬುದನ್ನು ವಿವರಿಸಿದರು. ಮಗು ಕೂಗಿದಾಗ ದೊಡ್ಡವರು ಸುಮ್ಮನಾದರೆ, ಕೂಗಿದರೆ ಕೆಲಸವಾಗುತ್ತದೆ ಎಂದು ಮಗು ಕಲಿಯುತ್ತದೆ. ದೊಡ್ಡವರು ಅದಕ್ಕಿಂತ ಜೋರಾಗಿ ಕೂಗಿ ಮಗುವನ್ನು ಸುಮ್ಮನಾಗಿಸಿದರೆ ಅವರೂ ಅದನ್ನೇ ಕಲಿಯುತ್ತಾರೆ. ಮರುದಿನ ಇಬ್ಬರೂ ನಿನ್ನೆ ಬಿಟ್ಟ ಮಟ್ಟದಿಂದಲೇ ಶುರುಮಾಡುತ್ತಾರೆ. ತರಗತಿಯಲ್ಲಿ ನಡೆಯುವುದೂ ಇದೇ. ಅದೇ ಒರೆಗಾನ್‌ನ ಜೆಫ್ ಕಾಲ್ವಿನ್, ವಿದ್ಯಾರ್ಥಿಯ ಸಿಟ್ಟು ಶಾಂತ ಸ್ಥಿತಿಯಿಂದ ಹೊರಟು ಕೆರಳಿಕೆ, ಚಡಪಡಿಕೆ, ಏರಿಕೆ, ತುತ್ತತುದಿ, ಇಳಿಕೆ, ಚೇತರಿಕೆ ಹೀಗೆ ಏಳು ಹಂತ ದಾಟುತ್ತದೆ ಎಂದು ಗುರುತಿಸಿದರು. ಶಿಕ್ಷಕರಿಗೆ ಇದರ ಉಪಯೋಗ ನೇರವಾದದ್ದು. ಮೊದಲ ಮೂರು ಹಂತಗಳಲ್ಲಿ ಮಾತು ಕೆಲಸ ಮಾಡುತ್ತದೆ. ತುತ್ತತುದಿಯಲ್ಲಿ ಬುದ್ಧಿಮಾತು ಕಿವಿಗೆ ಬಿದ್ದರೂ ಒಳಗಿಳಿಯುವುದಿಲ್ಲ. ಅಲ್ಲಿ ಮಾಡಬಹುದಾದದ್ದು ಸುತ್ತಲಿನವರನ್ನು ಸುರಕ್ಷಿತವಾಗಿಟ್ಟು ಕಾಯುವುದಷ್ಟೆ. ಹದಿಹರೆಯದವರ ಮಿದುಳಿನಲ್ಲಿ ಆವೇಗಕ್ಕೆ ಕಡಿವಾಣ ಹಾಕುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನಲ್ಲಿ ಎಂಬುದನ್ನೂ ಇಲ್ಲಿ ನೆನೆಯಬೇಕು.

ಚಿಂತನೆಯ ಹಾದಿ

ವಿಯೆನ್ನಾದಲ್ಲಿ ಹುಟ್ಟಿ 1937ರಲ್ಲಿ ಅಮೆರಿಕಕ್ಕೆ ಬಂದು ಶಿಕಾಗೋದಲ್ಲಿ ನೆಲೆಸಿದ ಮನೋವೈದ್ಯ ರುಡಾಲ್ಫ್ ಡ್ರೈಕರ್ಸ್ (1897–1972) ಈ ವಿಷಯಕ್ಕೆ ಮೊದಲ ಸ್ಪಷ್ಟ ಚೌಕಟ್ಟು ಕೊಟ್ಟವರು. ಅವರು ಆಲ್‌ಫ್ರೆಡ್ ಆಡ್ಲರ್ ಅವರ ಶಿಷ್ಯ. ಮಗು ಬಯಸುವುದು ತನಗೊಂದು ಸ್ಥಾನವನ್ನು. ಅದು ಸರಿದಾರಿಯಲ್ಲಿ ಸಿಗದಿದ್ದಾಗ ನಾಲ್ಕು ತಪ್ಪು ಗುರಿಗಳನ್ನು ಹಿಡಿಯುತ್ತದೆ: ಗಮನ ಸೆಳೆಯುವುದು, ಅಧಿಕಾರ ತೋರುವುದು, ಸೇಡು ತೀರಿಸುವುದು, ಕೊನೆಗೆ ‘ನನ್ನಿಂದಾಗದು’ ಎಂದು ಕೈಚೆಲ್ಲುವುದು. ಯಾವ ಮಗು ಯಾವ ಗುರಿ ಹಿಡಿದಿದೆ ಎಂದು ತಿಳಿಯಲು ಡ್ರೈಕರ್ಸ್ ಸೂಚಿಸಿದ ಉಪಾಯ ಇಂದಿಗೂ ಬೆರಗು ಹುಟ್ಟಿಸುತ್ತದೆ. ಶಿಕ್ಷಕರು ನೋಡಬೇಕಾದದ್ದು ಮಗುವನ್ನಲ್ಲ, ತಮ್ಮ ಮನಸ್ಸನ್ನು. ಬರೀ ಕಿರಿಕಿರಿಯಾಗುತ್ತಿದ್ದರೆ ಮಗು ಗಮನ ಬೇಡುತ್ತಿದೆ. ‘ಇವನಿಗೆ ನಾನ್ಯಾರೆಂದು ತೋರಿಸುತ್ತೇನೆ’ ಎಂದು ರಕ್ತ ಬಿಸಿಯಾದರೆ ಅದು ಅಧಿಕಾರದ ಮೇಲಾಟ. ನೋವಾದರೆ ಸೇಡು, ಏನೂ ತೋಚದಂತಾದರೆ ಕೈಚೆಲ್ಲಿದ ಮಗು. ಮೇಲಾಟ ಶುರುವಾಯಿತೆಂದು ತಿಳಿದಾಗ ಜಗಳಕ್ಕೂ ಇಳಿಯಬಾರದು, ಸೋಲೊಪ್ಪಲೂಬಾರದು. ಆ ಕಣದಿಂದಲೇ ಹೊರಬರಬೇಕು ಎಂಬುದು ಅವರ ಸಲಹೆ. ಶಿಕ್ಷಕರಿಗಾಗಿ ಅವರು ಬರೆದ ‘ಸೈಕಾಲಜಿ ಇನ್ ದ ಕ್ಲಾಸ್‌ರೂಮ್’ 1957ರಲ್ಲಿ ಬಂತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಡೆಟ್ರಾಯಿಟ್‌ನಲ್ಲಿ ಫ್ರಿಟ್ಜ್ ರೆಡ್ಲ್ ಮತ್ತು ಡೇವಿಡ್ ವೈನ್‌ಮನ್ ‘ಪಯೋನಿಯರ್ ಹೌಸ್’ ಎಂಬ ಮನೆಯಲ್ಲಿ ಯಾವ ಶಾಲೆಗೂ ಬೇಡವಾಗಿದ್ದ ಆಕ್ರಮಣಶೀಲ ಹುಡುಗರೊಂದಿಗೆ ಕೆಲಸ ಮಾಡಿದರು. ಆ ಅನುಭವ 1951ರ ‘ಚಿಲ್ಡ್ರನ್ ಹೂ ಹೇಟ್’ ಪುಸ್ತಕವಾಯಿತು. ಅವರು ವಿವರಿಸಿದ ಉಪಾಯಗಳಲ್ಲಿ ಹಲವು ನಮ್ಮ ಅನುಭವಿ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತಿರುವಂಥವೇ: ಪಾಠ ನಿಲ್ಲಿಸದೆ ಆ ಮಗುವಿನ ಡೆಸ್ಕಿನ ಬಳಿ ಹೋಗಿ ನಿಲ್ಲುವುದು, ಕಣ್ಸನ್ನೆ, ಸಣ್ಣದನ್ನು ಬೇಕೆಂದೇ ನೋಡದೆ ಬಿಡುವುದು. ಅದರಲ್ಲೊಂದು, ಸಿಟ್ಟು ಏರುವ ಲಕ್ಷಣ ಕಂಡ ಕೂಡಲೇ ಶಿಕ್ಷೆಯ ಸೋಂಕಿಲ್ಲದೆ ಮಗುವನ್ನು ಅಲ್ಲಿಂದ ಕಳಿಸುವುದು. “ಆಫೀಸಿನಿಂದ ಒಂದು ಬಾಕ್ಸ್ ಚಾಕ್‌ಪೀಸ್ ತಗೊಂಡ್ ಬಾ” ಎಂದರೆ ಹುಡುಗ ಕಾರಿಡಾರಿನಲ್ಲಿ ನಡೆದು, ದಾರಿಯಲ್ಲಿ ನೀರು ಕುಡಿದು, ಐದು ನಿಮಿಷದಲ್ಲಿ ಬೇರೆ ಮುಖದಲ್ಲಿ ಹಿಂದಿರುಗುತ್ತಾನೆ. ಯಾರೂ ಸೋತಿರುವುದಿಲ್ಲ.

ತಡೆ ಏಕೆ ಮುಖ್ಯ ಎಂಬುದನ್ನು ತೋರಿಸಿದವರು ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಜೇಕಬ್ ಕೂನಿನ್. ಅವರ ಸಂಶೋಧನೆಗೆ ಮೂಲ, ತಮ್ಮದೇ ತರಗತಿಯಲ್ಲಿ ವೃತ್ತಪತ್ರಿಕೆ ಓದುತ್ತಿದ್ದ ವಿದ್ಯಾರ್ಥಿಯನ್ನು ಗದರಿದ ಪ್ರಸಂಗ. ಗದರಿಕೆ ತಗುಲಿದ್ದು ಒಬ್ಬನಿಗೆ, ಬದಲಾದದ್ದು ಸುತ್ತಲಿದ್ದವರೆಲ್ಲರ ವರ್ತನೆ. ಹಾಗಾದರೆ ಒಳ್ಳೆಯ ಶಿಕ್ಷಕರು ಗದರುವ ಬಗೆಯೇ ಬೇರೆಯಿರಬೇಕು ಎಂದು ಹುಡುಕಹೊರಟ ಅವರಿಗೆ ಸಿಕ್ಕ ಉತ್ತರ ಬೇರೆ. ತಪ್ಪು ನಡೆದ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ಒಳ್ಳೆಯ ಶಿಕ್ಷಕರಿಗೂ ಉಳಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಅದಕ್ಕೂ ಮೊದಲು: ಕೋಣೆಯ ಎಲ್ಲ ಮೂಲೆಯ ಮೇಲೂ ಕಣ್ಣಿಡುವುದರಲ್ಲಿ, ಪಾಠದ ಓಟ ಕಡಿಯದಂತೆ ನೋಡಿಕೊಳ್ಳುವುದರಲ್ಲಿ. ಈ ಫಲಿತಾಂಶ 1970ರಲ್ಲಿ ಪ್ರಕಟವಾಯಿತು. ಮಕ್ಕಳೊಂದಿಗೆ ಆಡುವ ಮಾತಿನ ಬಗ್ಗೆ ಹೇಮ್ ಗಿನಾಟ್ 1972ರಲ್ಲಿ ‘ಟೀಚರ್ ಅಂಡ್ ಚೈಲ್ಡ್’ ಬರೆದರು. ರಾಸ್ ಗ್ರೀನ್ 1998ರ ‘ದ ಎಕ್ಸ್‌ಪ್ಲೋಸಿವ್ ಚೈಲ್ಡ್’ನಲ್ಲಿ, ಸಿಡಿಯುವ ಮಗುವಿಗೆ ಕೊರತೆಯಿರುವುದು ಮನಸ್ಸಿನದಲ್ಲ, ಕೌಶಲದ್ದು ಎಂದು ವಾದಿಸಿದರು.

ಭಾರತದಲ್ಲಿ ಈ ವಿಚಾರವನ್ನು ಕಥೆಯ ರೂಪದಲ್ಲಿ ಇದಕ್ಕೂ ಮುಂಚೆ ಹೇಳಿದವರು ಗುಜರಾತಿನ ಗಿಜುಭಾಯಿ ಬಧೇಕಾ. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಕಟ್ಟಿದ ಅವರು ಬರೆದ ‘ದಿವಾಸ್ವಪ್ನ’ 1932ರಲ್ಲಿ ಬಂತು. ಅದರ ಕಥಾನಾಯಕ ಶಿಕ್ಷಕ ಮೊದಲ ದಿನವೇ ಮಕ್ಕಳಿಂದ ಮೌನದ ಆಟ ಆಡಿಸಲು ಹೋಗಿ ಸೋಲುತ್ತಾನೆ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವನು ಬೆತ್ತ ಹುಡುಕುವುದಿಲ್ಲ. ಮರುದಿನ ಕಥೆ ಹೇಳಲು ಶುರುಮಾಡುತ್ತಾನೆ, ತರಗತಿ ಅವನ ಸುತ್ತ ಬಂದು ಕೂರುತ್ತದೆ. ಎಲ್ಲ ಶಿಕ್ಷಕರೂ ಓದಬೇಕಾದ ಪುಸ್ತಕವದು.

ತಡೆಯುವ ಕ್ರಮಗಳು

ಬೆಳಗಿನ ಮೊದಲ ಕ್ಷಣದಿಂದಲೇ ತಡೆ ಶುರುವಾಗುತ್ತದೆ. 2018ರಲ್ಲಿ ಕ್ಲೇಟನ್ ಕುಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಮಾಧ್ಯಮಿಕ ಹಂತದ 10 ತರಗತಿಗಳಲ್ಲಿ ಕೆಲವು ಶಿಕ್ಷಕರು ಬಾಗಿಲಲ್ಲಿ ನಿಂತು ಪ್ರತಿ ಮಗುವನ್ನೂ ಹೆಸರು ಹಿಡಿದು ಸ್ವಾಗತಿಸಿದರು. ಹಿಂದಿನ ದಿನ ಮನಸ್ತಾಪವಾಗಿದ್ದ ಮಗುವಿಗೆ ಒಂದು ಒಳ್ಳೆಯ ಮಾತು ಹೆಚ್ಚು ಹೇಳಿದರು. ಆ ತರಗತಿಗಳಲ್ಲಿ ಮಕ್ಕಳು ಪಾಠದಲ್ಲಿ ತೊಡಗಿರುವ ಪ್ರಮಾಣ ಶೇಕಡ 20 ಅಂಶಗಳಷ್ಟು ಏರಿತು, ಗಲಾಟೆ ಶೇಕಡ 9 ಅಂಶಗಳಷ್ಟು ಇಳಿಯಿತು. ಇದಕ್ಕೆ ಖರ್ಚಾದದ್ದು ದಿನಕ್ಕೆ ಕೆಲವೇ ನಿಮಿಷ.

ಆಜ್ಞೆ ಕೊಡುವ ರೀತಿಯೂ ಮುಖ್ಯ. “ಸರಿಯಾಗಿರು” ಎಂಬುದಕ್ಕೆ ಮಗು ಏನು ಮಾಡಬೇಕೆಂಬ ಅರ್ಥವೇ ಇಲ್ಲ. “ಪುಟ 42 ತೆಗೆದು ಮೊದಲ ಲೆಕ್ಕ ಶುರುಮಾಡು” ಎಂಬುದಕ್ಕಿದೆ. ಹೇಳಿದ ಮೇಲೆ ಎದುರಿಗೇ ನಿಂತು ದಿಟ್ಟಿಸಬಾರದು. ಹೇಳಿ, ಪಕ್ಕದ ಬೆಂಚಿನ ಕಡೆ ತಿರುಗಬೇಕು. ಹತ್ತು ಸೆಕೆಂಡಿನ ಏಕಾಂತ ಸಿಕ್ಕರೆ ಎಷ್ಟೋ ಮಕ್ಕಳು ಹೇಳಿದ ಕೆಲಸ ಮಾಡುತ್ತಾರೆ. ಎದುರಿಗೆ ನಿಂತವರ ಕಣ್ಣಮುಂದೆ ಮಾಡುವುದು ಶರಣಾದಂತೆ ಕಾಣುತ್ತದೆ, ಅಷ್ಟೇ ವಿಷಯ. ಆಯ್ಕೆ ಕೊಡುವುದು ಇನ್ನೊಂದು ಉಪಾಯ: “ಈ ಎರಡು ಲೆಕ್ಕದಲ್ಲಿ ಯಾವುದು ಮೊದಲು ಮಾಡ್ತೀಯ?” ಎರಡೂ ನಿಜವಾದ ಆಯ್ಕೆಗಳಾಗಿರಬೇಕು. “ಬರೀತೀಯೋ, ಹೆಡ್‌ಮಾಸ್ಟರ್ ಹತ್ರ ಹೋಗ್ತೀಯೋ” ಎಂಬುದು ಬೆದರಿಕೆ, ಮಕ್ಕಳಿಗೆ ಅದು ಚೆನ್ನಾಗಿ ಗೊತ್ತು.

ಶಿಕ್ಷಕರ ಮನೋಭಾವ ತಿದ್ದಿದರೂ ಫಲವಿದೆ. ಜೇಸನ್ ಒಕೊನೊಫುವಾ ಮತ್ತು ಸಹೋದ್ಯೋಗಿಗಳು ಕ್ಯಾಲಿಫೋರ್ನಿಯಾದ ಐದು ಶಾಲೆಗಳ 31 ಗಣಿತ ಶಿಕ್ಷಕರೊಂದಿಗೆ ನಡೆಸಿದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಕೆಲವು ಶಿಕ್ಷಕರು ಆನ್‌ಲೈನ್‌ನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಸಮಯ ವಿದ್ಯಾರ್ಥಿಗಳ ಅನುಭವಗಳನ್ನು ಓದಿ, ಮಗುವಿನ ಕಷ್ಟ ಅರಿತು ಶಿಸ್ತು ಕಲಿಸುವುದು ಹೇಗೆಂದು ತಾವೇ ಬರೆದರು. ಅಂಥವರ ವಿದ್ಯಾರ್ಥಿಗಳಲ್ಲಿ ಆ ವರ್ಷ ಅಮಾನತಾದವರು ಶೇಕಡ 4.8, ಉಳಿದವರಲ್ಲಿ ಶೇಕಡ 9.6.

ಕರ್ನಾಟಕದ ನಲಿ–ಕಲಿಯನ್ನೂ ಇಲ್ಲಿ ಹೇಳಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಋಷಿವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಣೆ ಪಡೆದು ಶುರುವಾದ ಈ ಪದ್ಧತಿ ಮೇಲಾಟ ತಡೆಯಲೆಂದು ಹುಟ್ಟಿದ್ದಲ್ಲ. ಆದರೂ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ಎತ್ತಿಕೊಳ್ಳುವ, ಶಿಕ್ಷಕಿ ಮಕ್ಕಳ ನಡುವೆ ನೆಲದ ಮೇಲೆ ಕೂರುವ ಕೋಣೆಯಲ್ಲಿ ಹಟಕ್ಕೆ ಹಟ ಬೆಳೆಯಲು ಜಾಗವೇ ಕಡಿಮೆ.

ಶಮನ

ತಡೆ ಫಲಿಸದೆ ಮಾತು ಏರಿದಾಗ ಮೊದಲ ಕೆಲಸ ಪ್ರೇಕ್ಷಕರನ್ನು ಕಳಚುವುದು. ತರಗತಿಗೊಂದು ಕೆಲಸ ಕೊಟ್ಟು, ಹುಡುಗನ ಪಕ್ಕಕ್ಕೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಬೇಕು. ಎದುರುಬದುರು ನಿಲ್ಲಬಾರದು, ತುಸು ಓರೆಯಾಗಿ, ಕೈಗೆಟುಕದ ದೂರದಲ್ಲಿ ನಿಲ್ಲಬೇಕು. ಬೆರಳು ತೋರಿಸಬಾರದು, ಮುಟ್ಟಬಾರದು, ಕೈಯಲ್ಲಿರುವ ವಸ್ತು ಕಸಿಯಬಾರದು, ಬಾಗಿಲಿಗೆ ಅಡ್ಡ ನಿಲ್ಲಬಾರದು. ಬಳಸುವ ಮಾತು ಸಣ್ಣದಿರಬೇಕು. “ನಿನಗೆ ಬೇಜಾರಾಗಿದೆ ಅಂತ ಕಾಣ್ತಿದೆ. ಆಮೇಲೆ ಮಾತಾಡೋಣ” ಎಂದರೆ ಸಾಕು. ಹಳೆಯ ತಪ್ಪುಗಳ ಪಟ್ಟಿ ತೆಗೆಯುವುದು, “ನಿಮ್ಮಪ್ಪನ್ನ ಕರ್ಕೊಂಡ್ ಬಾ” ಎನ್ನುವುದು, ಅಣ್ಣನೊಂದಿಗೋ ಪಕ್ಕದ ಹುಡುಗಿಯೊಂದಿಗೋ ಹೋಲಿಸುವುದು ಈ ಹೊತ್ತಿನಲ್ಲಿ ಬೆಂಕಿಗೆ ತುಪ್ಪ.

ಮೇಲಿನ ಪ್ರಸಂಗದಲ್ಲಿ ‘ಹೋಗಲ್ಲ’ ಎಂದ ಮೇಲೂ ದಾರಿಯಿದೆ. “ಸರಿ, ಇಲ್ಲೇ ಇರು. ಬೆಲ್ ಆದ್ಮೇಲೆ ಇಬ್ಬರೂ ಮಾತಾಡೋಣ” ಎಂದು ಹೇಳಿ ಬೋರ್ಡಿನ ಕಡೆ ತಿರುಗಿದರೆ ಮೇಷ್ಟ್ರು ನಿಯಮ ಬಿಟ್ಟುಕೊಟ್ಟ ಹಾಗಾಗುವುದಿಲ್ಲ. ನೋಟ್ಸ್ ಬರೆಯಬೇಕೆಂಬುದು ಹಾಗೇ ಉಳಿದಿದೆ, ಅದರ ಲೆಕ್ಕಾಚಾರ ಮಾತ್ರ ಸಿಟ್ಟಿಲ್ಲದ ಹೊತ್ತಿಗೆ ಹೋಗಿದೆ. ಶಮನವೆಂದರೆ ಮಕ್ಕಳನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದು ಎಂಬ ದೂರು ಶಿಕ್ಷಕರ ಕೋಣೆಗಳಲ್ಲಿ ಕೇಳಿಬರುತ್ತದೆ. ಆ ದೂರು ನಿಜವಾಗುವುದು ಬೆಲ್ ಆದ ಮೇಲಿನ ಮಾತುಕತೆ ನಡೆಯದೇ ಹೋದಾಗ. ಶಾಂತವಾದ ಮೇಲೆ ಏನಾಯಿತು, ನಾಳೆ ಇಂಥದೇ ಸಂದರ್ಭದಲ್ಲಿ ಏನು ಮಾಡುತ್ತೀಯ, ತಪ್ಪಿದ ಕೆಲಸ ಯಾವಾಗ ಮುಗಿಸುತ್ತೀಯ ಎಂದು ಕೂತು ಮಾತಾಡುವುದು ಕಡ್ಡಾಯ. ಶಿಕ್ಷಕರು ಆಡಬಾರದ ಮಾತಾಡಿದ್ದರೆ ಅವರೂ ಕ್ಷಮೆ ಕೇಳಬೇಕು. ಅದರಿಂದ ಗೌರವ ಕುಗ್ಗಿದ್ದಿಲ್ಲ.

ಒಂದು ಪ್ರಕರಣ

ಇದೆಲ್ಲ ನಡೆಯದಿದ್ದರೆ ಏನಾಗುತ್ತದೆ ಎಂಬುದನ್ನು ಜಗತ್ತು ವೀಡಿಯೊದಲ್ಲಿ ನೋಡಿದ್ದು 2015ರ ಅಕ್ಟೋಬರ್‌ನಲ್ಲಿ. ಅಮೆರಿಕದ ಸೌತ್ ಕೆರೊಲಿನಾದ ಕೊಲಂಬಿಯಾದಲ್ಲಿರುವ ಸ್ಪ್ರಿಂಗ್ ವ್ಯಾಲಿ ಹೈಸ್ಕೂಲಿನ ಗಣಿತ ತರಗತಿಯಲ್ಲಿ ಹುಡುಗಿಯೊಬ್ಬಳ ಕೈಯಲ್ಲಿ ಮೊಬೈಲಿತ್ತು. ಕೊಡು ಎಂದರು, ಕೊಡಲಿಲ್ಲ. ಹೊರಗೆ ಹೋಗು ಎಂದರು, ಹೋಗಲಿಲ್ಲ. ಶಿಕ್ಷಕರು ಆಡಳಿತಾಧಿಕಾರಿಯನ್ನು ಕರೆಸಿದರು, ಅವರು ಶಾಲೆಗೆ ನೇಮಕವಾಗಿದ್ದ ಪೊಲೀಸ್ ಅಧಿಕಾರಿಯನ್ನು ಕರೆಸಿದರು. ಆತ ಕೂತಿದ್ದ ಹುಡುಗಿಯನ್ನು ಡೆಸ್ಕಿನ ಸಮೇತ ಹಿಂದಕ್ಕೆ ಕೆಡವಿ ನೆಲದ ಮೇಲೆ ಎಳೆದೊಯ್ದ. ಅದನ್ನು ವಿರೋಧಿಸಿ ದನಿಯೆತ್ತಿದ ಸಹಪಾಠಿಯೂ ಬಂಧಿತಳಾದಳು. ಅಧಿಕಾರಿ ಎರಡೇ ದಿನದಲ್ಲಿ ಕೆಲಸ ಕಳೆದುಕೊಂಡ. ಹುಡುಗಿಯರ ಮೇಲಿನ ಆರೋಪಗಳನ್ನು ಮುಂದೆ ಕೈಬಿಡಲಾಯಿತು. ಶಾಲೆಗೆ ತೊಂದರೆ ಕೊಡುವುದನ್ನು ಅಪರಾಧವಾಗಿಸಿದ್ದ ರಾಜ್ಯದ ಕಾಯಿದೆ 2018ರಲ್ಲಿ ತಿದ್ದುಪಡಿಯಾಯಿತು. 2023ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ವಿದ್ಯಾರ್ಥಿಗಳಿಗೆ ಅನ್ವಯಿಸುವುದು ಅಸಾಂವಿಧಾನಿಕ ಎಂದಿತು. ಒಂದು ಮೊಬೈಲಿನಿಂದ ಶುರುವಾದದ್ದು ಇಷ್ಟು ದೂರ ಹೋಯಿತು. ಪ್ರತಿ ಹಂತದಲ್ಲೂ ಹಿಂದಿನವರಿಗಿಂತ ಹೆಚ್ಚು ಅಧಿಕಾರವುಳ್ಳವರು ಬಂದರು, ಹಟ ಇಳಿಸುವವರು ಬರಲಿಲ್ಲ.

ಹುಡುಗಿ ಕಪ್ಪು ಜನಾಂಗದವಳು, ಅಧಿಕಾರಿ ಬಿಳಿಯ. ಯಾರ ಒಲ್ಲೆ ಉದ್ಧಟತನವಾಗಿ ಕಾಣುತ್ತದೆ ಎಂಬ ಪ್ರಶ್ನೆ ಇಲ್ಲಿ ತಪ್ಪಿಸಿಕೊಳ್ಳಲಾಗದ್ದು. ಇಂಡಿಯಾನಾದ ರಸಲ್ ಸ್ಕಿಬಾ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ಬಿಳಿಯ ಮಕ್ಕಳನ್ನು ಆಫೀಸಿಗೆ ಕಳಿಸುವುದು ಧೂಮಪಾನ, ವಸ್ತು ಹಾಳುಮಾಡುವಂಥ ಕಣ್ಣಿಗೆ ಕಾಣುವ ತಪ್ಪುಗಳಿಗಾಗಿ. ಕಪ್ಪು ಮಕ್ಕಳನ್ನು ಅಗೌರವ, ಅತಿ ಗದ್ದಲದಂಥ, ನೋಡುವವರ ತೀರ್ಮಾನಕ್ಕೆ ಬಿಟ್ಟ ಕಾರಣಗಳಿಗಾಗಿ. ಕ್ಯಾಲಿಫೋರ್ನಿಯಾದಲ್ಲಿ 2011–12ರಲ್ಲಿ ಆದ ಅಮಾನತುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕೊಟ್ಟ ಕಾರಣ ‘ಉದ್ದೇಶಪೂರ್ವಕ ಅವಿಧೇಯತೆ’. ಲಾಸ್ ಏಂಜಲೀಸ್ 2013ರಲ್ಲಿ ಈ ಕಾರಣಕ್ಕಾಗಿ ಅಮಾನತು ಮಾಡುವುದನ್ನು ನಿಲ್ಲಿಸಿತು. ರಾಜ್ಯದ ಕಾಯಿದೆ 2014ರಲ್ಲಿ ಮೂರನೇ ತರಗತಿಯವರೆಗೆ, 2019ರಲ್ಲಿ ಎಂಟನೆಯವರೆಗೆ, 2023ರಲ್ಲಿ ಹನ್ನೆರಡನೆಯವರೆಗೆ ಈ ನಿಷೇಧವನ್ನು ವಿಸ್ತರಿಸಿತು. ನಮ್ಮಲ್ಲಿ ಇದೇ ಪ್ರಶ್ನೆಯನ್ನು ಜಾತಿಯ ಸಂದರ್ಭದಲ್ಲಿ ಕೇಳಿಕೊಳ್ಳಬೇಕು. ಒಂದೇ ಮಾತು ಉಳ್ಳವರ ಮನೆಯ ಮಗುವಿನ ಬಾಯಲ್ಲಿ ಚುರುಕುತನವಾಗಿ, ಕೇರಿಯಿಂದ ಬಂದ ಮಗುವಿನ ಬಾಯಲ್ಲಿ ಎದುರುತ್ತರವಾಗಿ ಕೇಳಿಸುವುದಾದರೆ, ಆ ಮೇಲಾಟ ಹುಡುಗ ಬಾಯಿ ತೆರೆಯುವ ಮುಂಚೆಯೇ ಶುರುವಾಗಿರುತ್ತದೆ.

ಭಾರತದ ಕಾನೂನು

ದೆಹಲಿಯ ಶಾಲಾ ನಿಯಮಗಳಲ್ಲಿ ಹೊಡೆತಕ್ಕಿದ್ದ ಅವಕಾಶವನ್ನು ದೆಹಲಿ ಹೈಕೋರ್ಟ್ 2000ದ ಡಿಸೆಂಬರ್‌ನಲ್ಲಿ ರದ್ದುಮಾಡಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಉಲ್ಲಂಘಿಸಿದವರ ಮೇಲೆ ಸೇವಾ ನಿಯಮಗಳಡಿ ಶಿಸ್ತುಕ್ರಮವಾಗುತ್ತದೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. ಕಾನೂನು ಬಂದಷ್ಟು ಬೇಗ ರೂಢಿ ಹೋಗುವುದಿಲ್ಲ. ಕಾಯಿದೆ ಜಾರಿಗೆ ಬಂದ ಆಸುಪಾಸಿನಲ್ಲೇ, 2009–10ರಲ್ಲಿ, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಏಳು ರಾಜ್ಯಗಳಲ್ಲಿ 6,632 ಮಕ್ಕಳನ್ನು ಕೇಳಿಸಿದಾಗ, ಒಂದಲ್ಲ ಒಂದು ಬಗೆಯ ಶಿಕ್ಷೆ ಅನುಭವಿಸಿಲ್ಲ ಎಂದವರು 9 ಮಂದಿ. ಆಯೋಗ 2012ರಲ್ಲಿ ವಿವರವಾದ ಮಾರ್ಗಸೂಚಿ ಹೊರಡಿಸಿತು.

‘ಬೆತ್ತ ಕಿತ್ತುಕೊಂಡರು, ಬದಲಿಗೆ ಏನೂ ಕೊಡಲಿಲ್ಲ’ ಎಂಬ ಶಿಕ್ಷಕರ ಮಾತಿನಲ್ಲಿ ನ್ಯಾಯವಿದೆ. ನಿಷೇಧ ಸರಿಯಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಡೆಯಬೇಡಿ ಎನ್ನುವ ಸುತ್ತೋಲೆ, ಹುಡುಗ ‘ಹೋಗಲ್ಲ’ ಎಂದಾಗ ಏನು ಹೇಳಬೇಕೆಂದು ಹೇಳಿಕೊಡುವುದಿಲ್ಲ.

ಆಕ್ಷೇಪಗಳು

ಶಿಕ್ಷೆಯ ಬದಲು ತಪ್ಪಿಗೆ ಹೊಂದುವಂತೆ ಇರಬೇಕೆಂದು ಡ್ರೈಕರ್ಸ್ ಹೇಳಿದ ‘ತಾರ್ಕಿಕ ಪರಿಣಾಮ’ಗಳು ಬಣ್ಣ ಬದಲಿಸಿದ ಶಿಕ್ಷೆಗಳೇ, ಕೊಡುವ ಆಯ್ಕೆಗಳು ತೋರಿಕೆಯವು ಎಂದು ಆಲ್ಫಿ ಕೋನ್ 1996ರ ‘ಬಿಯಾಂಡ್ ಡಿಸಿಪ್ಲಿನ್’ನಲ್ಲಿ ಟೀಕಿಸಿದರು. ವಿಧೇಯತೆಯನ್ನು ಜಾಣತನದಿಂದ ಪಡೆಯುವುದಷ್ಟೇ ಗುರಿಯಾದರೆ ಈ ಟೀಕೆ ಸರಿ; ಪಾಠ ಮಕ್ಕಳಿಗೆ ಅರ್ಥವಾಗದಿದ್ದರೆ, ಬೇಸರ ತರಿಸಿದರೆ, ಯಾವ ಮಾತಿನ ಜಾಣ್ಮೆಯೂ ಸಾಲದು. ಇನ್ನೊಂದು ಆಕ್ಷೇಪ ಫಲಿತಾಂಶದ್ದು. ಶಿಕ್ಷೆಯ ಬದಲು ಸಂಬಂಧ ಸರಿಪಡಿಸುವ ಕ್ರಮಗಳನ್ನು ಪಿಟ್ಸ್‌ಬರ್ಗ್ ಶಾಲೆಗಳಲ್ಲಿ ಪರೀಕ್ಷಿಸಿದ ರ್‍ಯಾಂಡ್ ಸಂಸ್ಥೆಯ 2018ರ ವರದಿಯ ಪ್ರಕಾರ ಅಮಾನತುಗಳು ಕಡಿಮೆಯಾದವು, ಆದರೆ ಮಾಧ್ಯಮಿಕ ಹಂತದಲ್ಲಿ ಕಲಿಕೆಯ ಅಂಕಗಳು ಕುಸಿದವು. ಅಂದರೆ ಅಮಾನತು ನಿಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಉಳಿದ ಮಕ್ಕಳ ಪಾಠ ನಡೆಯುವಂತೆ ನೋಡಿಕೊಳ್ಳುವ ಜನ ಬೇಕು. ಆರರಿಂದ ಎಂಟನೇ ತರಗತಿಗಳಲ್ಲಿ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕರಿರಬೇಕೆಂದು ನಮ್ಮ ಕಾಯಿದೆಯೇ ಹೇಳುತ್ತದೆ. ಅರವತ್ತು ಮಕ್ಕಳ ಕೋಣೆಯಲ್ಲಿ ಒಬ್ಬನ ಪಕ್ಕ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿ ಎಂದು ಯಾರಿಗಾದರೂ ಹೇಗೆ ಹೇಳುವುದು?

ಮೇಲಾಟದ ಶಮನ ಓದಿ ಬರುವ ವಿದ್ಯೆಯಲ್ಲ. ಸಿಟ್ಟು ಬಂದ ಹೊತ್ತಿನಲ್ಲಿ ನಾಲಿಗೆಗೆ ಬರುವುದು ರೂಢಿಯಾದ ಮಾತು ಮಾತ್ರ, ಆದ್ದರಿಂದ ಸರಿಯಾದ ಮಾತನ್ನು ಬಾಯಿಬಿಟ್ಟು ಆಡಿ ರೂಢಿಸಿಕೊಳ್ಳಬೇಕು. ಡಿ.ಇಎಲ್.ಇಡಿ. ಮತ್ತು ಬಿ.ಇಡಿ. ಕೋರ್ಸುಗಳ ಬೋಧನಾಭ್ಯಾಸದಲ್ಲಿ ಪಾಠಯೋಜನೆಗೆ ಕೊಡುವಷ್ಟೇ ಗಂಭೀರವಾಗಿ ಇದಕ್ಕೂ ಸಮಯ ಮೀಸಲಿಡಬೇಕು. ಸೇವೆಯಲ್ಲಿರುವ ಶಿಕ್ಷಕರ ತರಬೇತಿಗಳಲ್ಲಿ ವಾರ್ಡನ್‌ಗಳನ್ನೂ ಬಸ್ ಸಿಬ್ಬಂದಿಯನ್ನೂ ಸೇರಿಸಿಕೊಳ್ಳಬೇಕು. ಈ ಕೆಲಸ ಶಿಕ್ಷಣ ಇಲಾಖೆಯ ಕೈಯಲ್ಲಿದೆ, ಅದು ಇನ್ನು ತಡಮಾಡಬಾರದು.